ಹುಲ್ಲು ಅದ್ದಿದ ನೀರು

ನನ್ನ ಬೀಳ್ಕೊಡುಗೆಯ ದಿನ ಮೂವರು ಭಾಷಣ ಮಾಡಿದರು. ಮೂವರೂ ಒಂದೇ ಕಥೆ ಹೇಳಿದರು. ಪಾಳ್ಯದಲ್ಲಿ ಸೆಲೆನಿಯಂ ಹಾಕಿ ಅಣಬೆ ಬೆಳೆಸಿದಾಗ ಎಲ್ಲೋ ಎಡವಟ್ಟಾಗಿದೆ ಎಂದು ನಿರ್ಮಲಾ ಮೇಡಂ ಮೊದಲೇ ಅನುಮಾನಪಟ್ಟರು, ಜನರ ಬಾಯಿಗೆ ಹೋಗುವ ಮುಂಚೆ ತಾವೇ ತಿಂದು ಪರೀಕ್ಷೆ ಮಾಡಿದರು, ದೊಡ್ಡ ಅನಾಹುತ ತಪ್ಪಿಸಿದರು. ಚಪ್ಪಾಳೆ, ಶಾಲು, ಏಲಕ್ಕಿ ಹಾರ.

ಈ ಕಥೆಯಲ್ಲಿ ನಿಜವಾಗಿರುವುದು ಒಂದೇ ಒಂದು ಮಾತು: ನಾನು ತಿಂದೆ. ಉಳಿದ ಎಲ್ಲದಕ್ಕೂ ನನ್ನ ಆಕ್ಷೇಪವಿದೆ. ಅನುಮಾನ ಬಂದದ್ದು ನನಗಲ್ಲ. ಅನುಮಾನ ಬಂದವರನ್ನು ವಾದ ಮಾಡಿ ಬಾಯಿ ಮುಚ್ಚಿಸಿದವಳು ನಾನು. ತಿಂದದ್ದು ಪರೀಕ್ಷೆಗಾಗಿಯೂ ಅಲ್ಲ, ವಾದ ಗೆಲ್ಲುವುದಕ್ಕೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ನೀವು ತರಬೇತಿಯಲ್ಲಿ ಈ ಕಥೆಯನ್ನು ಕೇಳಿಯೇ ಕೇಳುತ್ತೀರಿ. ಆದ್ದರಿಂದ ಪ್ರತಿವಾದಕ್ಕೆ ಎದ್ದು ನಿಂತಿದ್ದೇನೆ. ಆರೋಪಿಯೂ ನಾನೇ ಆಗಿರುವುದರಿಂದ ಸಮಯ ಮೀರಿದರೂ ಗಂಟೆ ಬಾರಿಸುವವರಿಲ್ಲ.

ಸಕಲೇಶಪುರದ ನಮ್ಮ ಅಣಬೆ ಬೀಜದ ಪ್ರಯೋಗಾಲಯಕ್ಕೆ ನಾನು ಸೇರಿದ್ದು ತೊಂಬತ್ತರ ದಶಕದಲ್ಲಿ. ಆಗ ನನ್ನ ಹತ್ತಿರ ಒಂದು ವಿಜ್ಞಾನ ಪದವಿ ಮತ್ತು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಏಳೆಂಟು ಕಪ್ಪುಗಳಿದ್ದವು. ಕಾಫಿಗಿಂತ ಟೀ ಮೇಲು ಎಂಬ ವಿಷಯದ ಪರವಾಗಿ ಸಕಲೇಶಪುರದಲ್ಲೇ ಮಾತಾಡಿ, ಪ್ಲಾಂಟರುಗಳೇ ತೀರ್ಪುಗಾರರಾಗಿದ್ದ ಸಭೆಯಲ್ಲಿ ಮೊದಲ ಬಹುಮಾನ ಹೊಡೆದವಳು ನಾನು. ಅಂಥವಳಿಗೆ ಜಗತ್ತಿನಲ್ಲಿ ಯಾವುದೂ ಒಪ್ಪತಕ್ಕದ್ದಾಗಿ ಕಾಣುವುದಿಲ್ಲ.

ಕೆಲಸ ಕೇಳಲು ಸುಲಭ. ಜೋಳದ ಕಾಳು ಬೇಯಿಸಿ ಚೀಲಕ್ಕೆ ತುಂಬಬೇಕು. ಆಟೋಕ್ಲೇವ್ ಎಂಬ ಆಳೆತ್ತರದ ಕುಕ್ಕರಿನಲ್ಲಿ ಹಬೆಗೆ ಇಡಬೇಕು. ಪೂರ್ತಿ ತಣಿದ ಮೇಲೆ ಒಳಗೆ ಒಂದಿಷ್ಟು ಅಣಬೆಯ ಎಳೆ ಬಿಡಬೇಕು. ಎರಡು ಮೂರು ವಾರದಲ್ಲಿ ಕಾಳೆಲ್ಲ ಬಿಳಿಯ ಹೊದಿಕೆ ಹೊದ್ದುಕೊಳ್ಳುತ್ತದೆ. ಅದೇ ಬೀಜ. ರೈತರು ಅದನ್ನು ಒಯ್ದು ಭತ್ತದ ಹುಲ್ಲಿನ ಚೀಲಗಳಲ್ಲಿ ಹಾಕಿ ಚಿಪ್ಪಣಬೆ ಬೆಳೆಯುತ್ತಾರೆ.

ಪೂರ್ತಿ ತಣಿಯುವ ತನಕ ಯಾಕೆ ಕಾಯಬೇಕು ಎಂಬುದು ನನ್ನ ಮೊದಲ ವಾದ. ಕೈ ಇಟ್ಟರೆ ಬೆಚ್ಚಗಿದೆ, ಬೆಚ್ಚಗಿದ್ದರೆ ಬೆಳವಣಿಗೆ ಜೋರು, ಆದ್ದರಿಂದ ಕಾಯುವುದು ಸೋಮಾರಿಗಳ ಸಂಪ್ರದಾಯ. ನಮ್ಮ ಮುಖ್ಯಸ್ಥರು ವಾಸುದೇವಯ್ಯ. ಹಳಸಿದ್ದಕ್ಕೆ ಹಿಡಿಯುವ ಬೂಸ್ಟಿನ ಮೇಲೆ ಡಾಕ್ಟರೇಟ್ ಮಾಡಿದವರು, ಮಾತು ಕಡಿಮೆ. ನನ್ನ ವಾದ ಪೂರ್ತಿ ಕೇಳಿ, “ಬರ್ಕೊಂಡ್ರಾ?” ಎಂದರು. ಬರೆದುಕೊಂಡೆ. ಬೆಚ್ಚಗಿನ ಕಾಳಿಗೇ ಎಳೆ ಬಿಟ್ಟೆ. ಹತ್ತನೇ ದಿನ ಅರವತ್ತು ಚೀಲವೂ ಪಾಚಿ ಹಿಡಿದ ಬಾವಿಕಟ್ಟೆಯ ಹಾಗೆ ಹಸಿರಾಗಿದ್ದವು. ಕಾಳಿನ ಹೊರಮೈ ಮಾತ್ರ ಆರಿತ್ತು. ಒಳಗಿನ ಕಾವಿಗೆ ಎಳೆ ಸತ್ತು ಬೂಸ್ಟಿಗೆ ಜಾಗ ಬಿಟ್ಟುಕೊಟ್ಟಿತ್ತು. ಸಾರ್ ಬಂದು ನೋಡಿ, “ನನ್ನ ಹತ್ರ ನೀವು ಗೆದ್ರಿ ನಿರ್ಮಲಾ. ಇಲ್ಲಿ ಬೂಸ್ಟು ಗೆದ್ದಿದೆ” ಎಂದು ಹೊರಟುಹೋದರು.

ಇನ್ನೊಮ್ಮೆ ಎಡಕುಮೇರಿ ಕಡೆಯಿಂದ ರೈಲ್ವೆ ಹಳಿ ಕೆಲಸದವರೊಬ್ಬರು ಟವೆಲ್ಲಿನಲ್ಲಿ ಕಾಡಣಬೆ ಕಟ್ಟಿಕೊಂಡು ಬಂದರು. ನಾನು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ನೋಡಿದ ಮಾತ್ರಕ್ಕೆ ಹೇಳಲಾಗದು, ಕೊಡೆಯಿಂದ ಕಾಗದದ ಮೇಲೆ ಉದುರುವ ಬೀಜಕದ ಅಚ್ಚು ತೆಗೆಯಬೇಕು, ಪುಸ್ತಕದೊಡನೆ ತಾಳೆ ನೋಡಬೇಕು, ಅಲ್ಲಿಯ ತನಕ ಬಾಯಿಗೆ ಇಡಕೂಡದು. ಆತ ತಾಳ್ಮೆಯಿಂದ ಕೇಳಿ, “ನಿನ್ನೆ ತಿಂದಾಯ್ತು ಮೇಡಂ, ಚೆನ್ನಾಗಿತ್ತು. ಹೆಸರೇನು ಅಂತ ಕೇಳಕ್ ಬಂದೆ ಅಷ್ಟೆ” ಎಂದರು. ಹೆಸರು ನನಗೆ ಗೊತ್ತಿರಲಿಲ್ಲ.

ಔಷಧಿ ಅಣಬೆಯ ಕಾಲವೂ ಒಂದಿತ್ತು. ಗ್ಯಾನೋಡರ್ಮ ಎಂಬ, ಮರದಷ್ಟೇ ಗಟ್ಟಿಯಾದ, ಮೆರುಗೆಣ್ಣೆ ಬಳಿದಂತೆ ಹೊಳೆಯುವ ಅಣಬೆಯನ್ನು ಸಿಲ್ವರ್ ಓಕಿನ ಮರದ ಪುಡಿಯಲ್ಲಿ ಬೆಳೆಸಿ, ತರಬೇತಿಗೆ ಬಂದ ಬೆಳೆಗಾರರ ಮುಂದೆ ಹೆಮ್ಮೆಯಿಂದ ಇಟ್ಟೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಅಲ್ಲ ಮಾರಾಯ್ತಿ, ಅಡಿಕೆಗೆ ಅಣಬೆ ರೋಗ ತರೋ ಜಾತಿ ತಾನೆ ಇದು? ನಾವು ಬುಡ ಅಗೆಸಿ ಸುಡ್ತೀವಿ, ನೀವು ಚೀಲದಲ್ಲಿಟ್ಟು ಸಾಕ್ತೀರಾ?” ಇಡೀ ಸಭೆ ನಕ್ಕಿತು. ಅವರು ಹೇಳಿದ್ದು ಬಹುಪಾಲು ಸರಿ. ಆದರೂ ನಾನು ಇಪ್ಪತ್ತು ನಿಮಿಷ ಉತ್ತರ ಕೊಟ್ಟೆ.

ಇಷ್ಟು ಹೇಳಿದ್ದು ಯಾಕೆಂದರೆ, ಪಾಳ್ಯಕ್ಕೆ ಹೋದವಳು ಎಂಥವಳು ಎಂಬುದು ನಿಮಗೆ ಗೊತ್ತಿರಲಿ ಎಂದು.

ಸಾರ್ ಒಂದು ವಿಚಾರಸಂಕಿರಣಕ್ಕೆ ಹೋಗಿ ಬಂದವರು ಮೇಜಿನ ಮೇಲೆ ಒಂದು ಪುಟ್ಟ ಶೀಸೆ ಇಟ್ಟರು. ಸೆಲೆನಿಯಂ ಲವಣ. ಸೆಲೆನಿಯಂ ಎನ್ನುವುದು ನಮ್ಮ ಮೈಗೆ ಬಹಳ ಬಹಳ ಕಡಿಮೆ ಬೇಕಾದ ಒಂದು ಧಾತು. ಇಲ್ಲದಿದ್ದರೆ ತೊಂದರೆ, ತುಸು ಹೆಚ್ಚಾದರೆ ವಿಷ. ಬೇಕಾದ್ದಕ್ಕೂ ಹೆಚ್ಚಾದ್ದಕ್ಕೂ ನಡುವೆ ಇರುವುದು ಓಣಿಯಷ್ಟು ಜಾಗ. ಅಣಬೆಗೆ ಒಂದು ಗುಣವಿದೆ: ತಾನು ಬೆಳೆಯುವ ಹುಲ್ಲಿನಲ್ಲಿ ಇರುವುದನ್ನು ಹೀರಿ ಮೈಯಲ್ಲಿ ಕೂಡಿಡುತ್ತದೆ. ಹುಲ್ಲಿಗೆ ಲೆಕ್ಕವಾಗಿ ಸೆಲೆನಿಯಂ ಉಣಿಸಿದರೆ ಅಣಬೆ ಅದನ್ನು ನಮ್ಮ ದೇಹಕ್ಕೆ ಒಗ್ಗುವ ರೂಪಕ್ಕೆ ತಿರುಗಿಸಿ ಕೊಡುತ್ತದೆ, ಮಾತ್ರೆಯ ಬದಲು ಪಲ್ಯ ತಿಂದರಾಯಿತು ಎನ್ನುವುದು ಯೋಚನೆ. ಯೋಚನೆ ತಪ್ಪಲ್ಲ. ಅದು ನನ್ನ ಕೈಗೆ ಬಂದದ್ದು ತಪ್ಪು.

ಇಪ್ಪತ್ತು ಚೀಲಕ್ಕೆ ಸೆಲೆನಿಯಂ, ಹೋಲಿಸಿ ನೋಡಲು ಇಪ್ಪತ್ತು ಸಾದಾ ಚೀಲ ಎಂದು ನಿಗದಿಯಾಯಿತು. ಸಾರ್ ಬರೆದುಕೊಟ್ಟ ಅಳತೆಯನ್ನು ಎರಡು ಪಟ್ಟು ಮಾಡಿಸಿದವಳು ನಾನೇ. “ಈ ಅಣಬೆ ತಿನ್ನೋದಕ್ಕಲ್ಲ ಸಾರ್, ಅಳೆಯೋದಕ್ಕೆ. ವ್ಯತ್ಯಾಸ ಢಾಳಾಗಿ ಕಾಣಲಿ” ಎಂದೆ. ಅವರು ನನ್ನ ಜೊತೆ ವಾದ ಮಾಡಿ ದಣಿದಿದ್ದರೋ ಏನೋ, “ಬರ್ಕೊಳಿ” ಎಂದುಬಿಟ್ಟರು.

ಜಾಗ ಲಲಿತಕ್ಕನ ಶೆಡ್ಡು. ಪಾಳ್ಯದ ಲಲಿತಕ್ಕ ನಮ್ಮಲ್ಲಿ ಬೀಜ ಒಯ್ಯುವವರಲ್ಲೆಲ್ಲ ಅಚ್ಚುಕಟ್ಟಿನ ಬೆಳೆಗಾರ್ತಿ. ಪ್ರತಿ ಬುಧವಾರ ಆಲೂರಿನ ಒಂದು ಹೋಟೆಲಿಗೆ ಬುಟ್ಟಿ ತುಂಬ ಅಣಬೆ ಕಳಿಸುತ್ತಿದ್ದರು. ಲಲಿತಮ್ಮನ ಅಣಬೆ ಎಂದರೆ ಹುಳವಿದೆಯೇ ಎಂದು ಒಡೆದು ನೋಡಬೇಕಾಗಿಲ್ಲ ಎಂಬ ಹೆಸರಿತ್ತು. ಅದೊಂದು ಹೋಟೆಲಿನಿಂದಲೇ ಅವರ ಶೆಡ್ಡು ನಡೆಯುತ್ತಿತ್ತು. ಅವರ ಗಂಡ ದ್ಯಾವಪ್ಪಣ್ಣ ಯಸಳೂರು ಕಡೆಯ ಎಸ್ಟೇಟುಗಳಲ್ಲಿ ವರ್ಷಾನುಗಟ್ಟಲೆ, ಮೈಲುತುತ್ತಕ್ಕೆ ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣ ಹೊಡೆದು, ಮಂಡಿ ನೋವು ಶುರುವಾದ ಮೇಲೆ ಮನೆಯಲ್ಲಿದ್ದರು. ನಮ್ಮ ಪ್ರಯೋಗಕ್ಕೆ ಶೆಡ್ಡು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಇಪ್ಪತ್ತು ಸಾದಾ ಚೀಲದ ಅಣಬೆ ಅವರದು, ಮಾರಿಕೊಳ್ಳಬಹುದು ಎಂದು ಮಾತಾಯಿತು.

ಅಂದು ಅಂಗಳದಲ್ಲಿ ದೊಡ್ಡ ಹಂಡೆ ಕುದಿಯುತ್ತಿತ್ತು. ಯಸಳೂರಿನಲ್ಲಿ ಇವರು ಮೆಣಸು ಅದ್ದುತ್ತಿದ್ದ ಹಂಡೆಯೇ ಅದು. ಕೊಯ್ದ ಕಾಳುಮೆಣಸನ್ನು ಬುಟ್ಟಿಯಲ್ಲಿಟ್ಟು ಕುದಿನೀರಿಗೆ ಒಂದು ಗಳಿಗೆ ಇಳಿಸಿ ಎತ್ತಿದರೆ ಒಣಗಿದ ಮೇಲೆ ಕರ್ರಗೆ ಹೊಳೆಯುತ್ತದೆ. ಹುಲ್ಲಿನಲ್ಲಿರುವ ಬೂಸ್ಟು ಸಾಯಲಿ ಎಂದು ನಾವು ಹುಲ್ಲನ್ನೂ ಹಾಗೇ ಬಿಸಿನೀರಲ್ಲಿ ಅದ್ದಿಸುತ್ತೇವೆ, ಹೊತ್ತು ಮಾತ್ರ ಹೆಚ್ಚು. ನಾನು ನನ್ನ ಕೈಯಾರೆ ದ್ರಾವಣ ಸುರಿದೆ, ಇಪ್ಪತ್ತು ಚೀಲದ ಹುಲ್ಲು ಅದ್ದಿಸಿದೆ, ಕೆಂಪು ದಾರ ಕಟ್ಟಿಸಿದೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

“ಮೇಡಂ, ಉಳ್ದಿದ್ದಕ್ಕೆ ಔಸ್ತಿ ಬ್ಯಾಡ ಅಲ್ವ?” ಎಂದರು ಲಲಿತಕ್ಕ.

“ಬೇಡ. ಒಂದು ತೊಟ್ಟೂ ಹಾಕಬಾರದು.”

“ಹಾಕಲ್ಲ ಬುಡಿ.”

ಅವರು ಆ ಮಾತು ಉಳಿಸಿಕೊಂಡರು. ಒಂದು ತೊಟ್ಟೂ ಹಾಕಲಿಲ್ಲ.

ಎರಡು ವಾರದ ಮೇಲೆ ಹೋದೆ. ಬಿಳಿಯಾಗಿರಬೇಕಾದ ಚೀಲಗಳು ಕೆಂಪಗಿದ್ದವು. ಹೊಸ ಹಂಚಿನ ಪುಡಿ ಉದುರಿಸಿದ ಹಾಗೆ ಎಳೆಗಳ ಮೇಲೆಲ್ಲ ಒಂದು ಕೆಂಪು. ದ್ಯಾವಪ್ಪಣ್ಣ ಬಾಗಿಲಲ್ಲೇ ಕೂತಿದ್ದರು.

“ಮೇಡಮ್ಮೋರೆ, ನಿಮ್ ಔಸ್ತಿ ಹೆಚ್ಚಾಗೈತೆ.”

“ಹೇಗೆ ಹೇಳ್ತೀರಿ?”

“ಬೋರ್ಡೋ ಕಲಸ್ಬುಟ್ಟು ಕತ್ತಿ ಅದ್ದಿ ನೋಡ್ತೀವಲ್ಲ. ಕತ್ತಿ ಕೆಂಪಾಯ್ತು ಅಂದ್ರೆ ಮೈಲುತುತ್ತ ಹೆಚ್ಚು, ಸುಣ್ಣ ಸಾಲ್ದು ಅಂತ. ಹಂಗೇ ಹೊಡುದ್ರೆ ಎಲೆ ಸುಟ್ಟೋಯ್ತದೆ. ಅದೇ ಕೆಂಪು ಕಣ್ರೀ ಇದು.”

ನನಗೆ ಖುಷಿಯಾಯಿತು. ಇಷ್ಟು ಸೊಗಸಾದ ತಪ್ಪು ವಾದ ಕಾಲೇಜು ಬಿಟ್ಟ ಮೇಲೆ ನನ್ನೆದುರಿಗೆ ಬಂದಿರಲಿಲ್ಲ. “ದ್ಯಾವಪ್ಪಣ್ಣ, ಕತ್ತಿ ಮೇಲೆ ಬರೋದು ತಾಮ್ರ. ಇಲ್ಲಿ ತಾಮ್ರ ಇಲ್ಲ, ಕತ್ತಿನೂ ಇಲ್ಲ. ಬಣ್ಣ ಒಂದೇ ಅಂದ ಮಾತ್ರಕ್ಕೆ ಕಾರಣ ಒಂದೇ ಅಂತಾಗುತ್ತಾ? ಮೆಣಸಿನಕಾಯೂ ಕೆಂಪು, ಕುಂಕುಮವೂ ಕೆಂಪು.”

“ಆಗಕ್ಕಿಲ್ಲ,” ಎಂದರು ಅವರು.

“ಇನ್ನೊಂದು ನೋಡಿ. ಕೆಂಪು ದಾರ ಇಲ್ಲದ ಚೀಲಗಳೂ ಕೆಂಪಗಿವೆ. ಇನ್ನೂ ಹೆಚ್ಚು ಕೆಂಪಗಿವೆ. ಅದಕ್ಕೆ ಔಷಧಿ ಹಾಕಿದ್ದೀರಾ?”

“ದೇವ್ರಾಣೆ ಇಲ್ಲ,” ಎಂದರು ಲಲಿತಕ್ಕ.

“ಔಷಧಿ ಹಾಕಿದ್ದೂ ಕೆಂಪು, ಹಾಕದೇ ಇದ್ದದ್ದೂ ಕೆಂಪು. ಅಂದಮೇಲೆ ಕೆಂಪಿಗೆ ಕಾರಣ ಔಷಧಿಯಲ್ಲ. ಇದು ಹುಲ್ಲಿನದೇ ಬಣ್ಣ.”

ದ್ಯಾವಪ್ಪಣ್ಣ ಮಂಡಿ ತಿಕ್ಕಿಕೊಂಡರು. “ನಿಮ್ ಮಾತಿಗೆ ಎದುರಾಡಕ್ಕೆ ನಂಗೆ ಬರಲ್ಲ. ಆದ್ರೂ ಔಸ್ತಿ ಹೆಚ್ಚಾಗೈತೆ.”

ಲಲಿತಕ್ಕ ಒಂದು ಚೀಲವನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ವಾಸ್ನೆ ನೋಡಿ ಮೇಡಂ. ಬೆಳ್ಳುಳ್ಳಿ ಜಜ್ಜಿದಂಗಿಲ್ವಾ?”

“ಅಡುಗೆಮನೆ ಗೋಡೆಗೇ ಶೆಡ್ಡು ಕಟ್ಟಿದ್ದೀರಿ. ಬೆಳ್ಳುಳ್ಳಿ ಬರದೆ ಮಲ್ಲಿಗೆ ಬರುತ್ತಾ ಲಲಿತಕ್ಕ?”

ಅಂದಿನ ನನ್ನ ಟಿಪ್ಪಣಿ ಪುಸ್ತಕ ಈಗಲೂ ನನ್ನ ಹತ್ತಿರವಿದೆ. ‘ಈ ಭಾಗದ ಭತ್ತದ ಹುಲ್ಲಿನಲ್ಲಿ ಸಹಜವಾದ ಕೆಂಬಣ್ಣದ ಅಂಶ ಇರುವಂತೆ ತೋರುತ್ತದೆ, ಪ್ರತ್ಯೇಕ ಅಧ್ಯಯನ ಅಗತ್ಯ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇಲ್ಲದ ಅಂಶಕ್ಕೆ ನಾನು ಇಟ್ಟ ಹೆಸರನ್ನು ಮಾತ್ರ ಇಲ್ಲಿ ಬರೆಯಲಾರೆ, ಅಷ್ಟು ಮರ್ಯಾದೆ ಉಳಿಸಿಕೊಳ್ಳುತ್ತೇನೆ.

ಕೊಯ್ಲಿನ ದಿನ ಮಂಗಳವಾರ. ಅಣಬೆ ಗಿಡ್ಡಗೆ ಬಂದಿತ್ತು, ಆದರೆ ಬಿಳಿಯಾಗಿಯೇ ಇತ್ತು. ಕೆಂಪು ದಾರದ ಚೀಲದ್ದನ್ನು ನಾನು ಕವರಿಗೆ ಹಾಕಿ ಮೊಹರು ಮಾಡಿಕೊಂಡೆ. ಸಾದಾ ಚೀಲದ್ದು ಬುಟ್ಟಿ ತುಂಬಿತು. ಮರುದಿನ ಬೆಳಿಗ್ಗೆ ಆಲೂರಿಗೆ ಹೋಗಬೇಕಾದ ಬುಟ್ಟಿ. ಲಲಿತಕ್ಕ ಅದನ್ನು ಕಟ್ಟದೆ ಸುಮ್ಮನೆ ನೋಡುತ್ತ ನಿಂತಿದ್ದರು.

“ಇದ್ನ ಕಳ್ಸಕ್ಕೆ ನಂಗೆ ಮನ್ಸಿಲ್ಲ ಮೇಡಂ.”

“ಯಾಕೆ?”

“ಗೊತ್ತಿಲ್ಲ. ಯಾಕೋ ಮನ್ಸಿಲ್ಲ.”

ಗೊತ್ತಿಲ್ಲ ಎಂಬುದು ಚರ್ಚೆಯಲ್ಲಿ ಎದುರಾಳಿಯ ಶರಣಾಗತಿ. ನಾನು ಶುರು ಮಾಡಿದೆ. ಈ ಚೀಲಕ್ಕೆ ಔಷಧಿ ಬಿದ್ದಿಲ್ಲ. ಔಷಧಿ ಬೀಳದ ಅಣಬೆ ವರ್ಷವಿಡೀ ಮಾರುವ ಅಣಬೆಯೇ. ಒಂದು ಬುಧವಾರ ತಪ್ಪಿದರೆ ಹೋಟೆಲಿನವರು ಹಾಸನದಿಂದ ತರಿಸಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಮನಸ್ಸಿಲ್ಲ ಅನ್ನೋದು ಕಾರಣ ಆಗುತ್ತಾ? ಲಲಿತಕ್ಕ ನಾನು ಮುಗಿಸುವ ತನಕ ಕಾದು ಒಂದೇ ಪ್ರಶ್ನೆ ಕೇಳಿದರು.

“ನೀವ್ ತಿಂತೀರಾ?”

“ಈಗಲೇ ಮಾಡಿ.”

ಮಾಡಿದರು. ಮೆಣಸಿನ ಪುಡಿ, ಉಪ್ಪು, ಈರುಳ್ಳಿ, ಅಷ್ಟೇ. ಬೆಳ್ಳುಳ್ಳಿ ಹಾಕಲಿಲ್ಲ. ನಾನು ಒಂದು ತಟ್ಟೆ ಖಾಲಿ ಮಾಡಿ ಅವರ ಮುಖ ನೋಡಿದೆ. ಅವರು ಬುಟ್ಟಿಯ ಕಡೆ ನೋಡುತ್ತಿದ್ದರು. ವಾದ ಇನ್ನೂ ಮುಗಿದಿಲ್ಲವೇನೋ ಎಂದು ಇನ್ನೊಂದು ಸಲ ಹಾಕಿಸಿಕೊಂಡೆ. ದಂಪತಿ ಇಬ್ಬರೂ ಮುಟ್ಟಲಿಲ್ಲ. ದ್ಯಾವಪ್ಪಣ್ಣ ಮಾತ್ರ, “ಸಾಕು ಬುಡಿ ಮೇಡಮ್ಮೋರೆ” ಎಂದರು. ಸೋಲೊಪ್ಪಿಕೊಂಡರು ಎಂದುಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಸಾರ್‌ಗೆ ವರದಿ ಒಪ್ಪಿಸುತ್ತಿದ್ದೆ. ಅವರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು.

“ಏನಮ್ಮ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ಬೆಳ್ಳುಳ್ಳಿ?”

ನಾನು ಊಟ ಮಾಡುತ್ತಿದ್ದ ಮೆಸ್ಸಿನಲ್ಲಿ ಬೆಳ್ಳುಳ್ಳಿಗೆ ಪ್ರವೇಶವೇ ಇರಲಿಲ್ಲ. “ತಿಂದಿಲ್ಲ ಸಾರ್” ಎಂದು ವಾದಕ್ಕೆ ಬಾಯಿ ತೆರೆದವಳಿಗೆ ಕಡತ ನೆನಪಾಯಿತು. ಶೀಸೆಯ ಜೊತೆ ಒಂದು ಎಚ್ಚರಿಕೆಯ ಹಾಳೆ ಬಂದಿತ್ತು. ಹೊಟ್ಟೆಗೆ ಹೋದರೆ ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ ಎಂದು ಅದರಲ್ಲಿತ್ತು. ಆ ಹಾಳೆಯನ್ನು ಓದಿ, ಸಹಿ ಹಾಕಿ, ಕಡತಕ್ಕೆ ಸೇರಿಸಿದವಳು ನಾನೇ. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಗಡಿಯಾರ ನೋಡಿದೆ. ಬುಟ್ಟಿ ಆಲೂರಿಗೆ ಹೋಗುವ ಹೊತ್ತು ಆಗಲೇ ದಾಟಿತ್ತು. ಬಸ್ಸಿನಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತೆ. ವಾಂತಿ ಬರುತ್ತಿದೆ ಎಂದುಕೊಂಡು ಕಂಡಕ್ಟರು ಕಿಟಕಿ ಪಕ್ಕ ಜಾಗ ಮಾಡಿಕೊಟ್ಟರು. ಹೋಟೆಲಿನಲ್ಲಿ ಇಷ್ಟು ಹೊತ್ತಿಗೆ ಈರುಳ್ಳಿ ಹೆಚ್ಚಿರುತ್ತಾರೆ, ಒಗ್ಗರಣೆ ಹಾಕಿರುತ್ತಾರೆ. ಮಧ್ಯಾಹ್ನದ ಊಟಕ್ಕೆ ಯಾರು ಯಾರು ಬರುತ್ತಾರೆ? ಆಸ್ಪತ್ರೆಗೆ ಬಂದವರು, ಕಚೇರಿಗೆ ಬಂದವರು, ಮಕ್ಕಳನ್ನು ಕಟ್ಟಿಕೊಂಡು ಬಂದವರು. ಅವರಲ್ಲಿ ಯಾರೊಬ್ಬರೂ ನನ್ನ ಜೊತೆ ವಾದ ಮಾಡಿ ಸೋತವರಲ್ಲ.

ಯಾವ ಹೋಟೆಲು ಎಂದು ನಾನು ಕೇಳಿಯೇ ಇರಲಿಲ್ಲ, ಪಾಳ್ಯದಲ್ಲೇ ಇಳಿದು ಓಡಿದೆ. ಲಲಿತಕ್ಕ ಹಂಡೆ ತಿಕ್ಕುತ್ತಿದ್ದರು.

“ಬುಟ್ಟಿ ಎಲ್ಲಿ?”

ಅವರು ಹಿತ್ತಲ ಕಡೆ ಕೈ ತೋರಿಸಿದರು. ಹಲಸಿನ ಮರದಾಚೆ ದ್ಯಾವಪ್ಪಣ್ಣ ಒಂದು ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ಗುಂಡಿಯ ಅಂಚೆಲ್ಲ ಬೆಳ್ಳಗೆ ಸುಣ್ಣ. “ಎಲ್ಲಾನೂ ಮುಚ್ಬುಟ್ಟೆ,” ಎಂದು ಅಲ್ಲಿಂದಲೇ ಕೂಗಿ ಹೇಳಿದರು. “ನಿಮ್ಗೇನೂ ಆಗ್ಲಿಲ್ಲ ತಾನೆ ಮೇಡಮ್ಮೋರೆ?”

ನಾನು ಜಗಲಿಯ ಮೇಲೆ ಕೂತೆ. ಉಸಿರು ಬಂದ ಮೇಲೆ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ.

“ಲಲಿತಕ್ಕ, ಸಾದಾ ಚೀಲದ ಹುಲ್ಲು ಯಾವ ನೀರಲ್ಲಿ ಅದ್ದಿದ್ರಿ?”

“ಹಂಡೆ ನೀರಲ್ಲಿ.”

“ನಾನು ಔಷಧಿ ಹಾಕಿದ ನೀರು ಚೆಲ್ಲಲಿಲ್ವಾ?”

“ಕುದಿಯೋ ನೀರ್ನ ಯಾರಾದ್ರೂ ಚೆಲ್ತಾರಾ? ಮೆಣಸು ಅದ್ದೋವಾಗ ಬುಟ್ಟಿಗೊಂದು ಹಂಡೆ ನೀರು ಕಾಯಿಸ್ತೀವಾ? ಸೌದೆ ಎಲ್ಲೈತೆ? ನೀವು ಔಸ್ತಿ ಹಾಕ್ಬ್ಯಾಡಿ ಅಂದ್ರಿ, ಹಾಕ್ಲಿಲ್ಲ.”

ಅಷ್ಟೇ. ನಾನು ಹೋದ ಮೇಲೆ ನೀರು ಇನ್ನೊಂದು ಗಂಟೆ ಕುದಿದು ಇಂಗಿ, ಔಷಧಿ ಗಟ್ಟಿಯಾಗಿತ್ತು. ಅದಕ್ಕೇ ಸಾದಾ ಚೀಲ ಹೆಚ್ಚು ಕೆಂಪು. ನಮ್ಮ ಮನೆಯಲ್ಲೂ ಅಷ್ಟೂ ಮೆಣಸು ಅದ್ದುವುದು ಒಂದೇ ಹಂಡೆ ನೀರಿನಲ್ಲಿ. ಚಿಕ್ಕವಳಿದ್ದಾಗ ಬುಟ್ಟಿ ಎತ್ತಿಕೊಟ್ಟವಳು ನಾನು. ಹಂಡೆ ಕಣ್ಣೆದುರಿಗಿತ್ತು, ಅದು ಮೆಣಸಿನ ಹಂಡೆ ಎಂದೂ ಗೊತ್ತಿತ್ತು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದೆ, ಇನ್ನೂ ಬುದ್ಧಿ ಬಂದಿರಲಿಲ್ಲ.

“ನೀವ್ ಕೇಳಿದ್ರೆ ತಾನೆ? ಬಂದಾಗ್ಲೆಲ್ಲ ಹೇಳ್ತಾನೇ ಇದ್ರಿ.”

ಆಮೇಲೆ ಕೇಳಿದೆ, ಹೋಟೆಲಿನವರಿಗೆ ಏನೆಂದಿರಿ ಎಂದು. ಹಂಡೆಯನ್ನು ಬೋರಲು ಹಾಕುತ್ತ ಹೇಳಿದರು: “ಅಣಬೆಗೆ ಹುಳ ಬಿದ್ದೈತೆ ಅಂತ ಹೇಳ್ಕಳ್ಸ್ದೆ.”

ಹೋಟೆಲಿನವರು ಮುಂದಿನ ವಾರದಿಂದ ಹಾಸನದ ಅಣಬೆ ತರಿಸಿದರು. ಆ ವಿಷಯದಲ್ಲಿ ಮಾತ್ರ ನನ್ನ ಮಾತು ನಿಜವಾಯಿತು. ಹುಳ ಬಿದ್ದ ಸುದ್ದಿ ಆಲೂರಿನ ಅಂಗಡಿ ಅಂಗಡಿಗೂ ಹೋಯಿತು. ‘ಹುಳದ ಲಲಿತಮ್ಮ’ ಎಂಬ ಹೆಸರು ಅವರ ಬೆನ್ನು ಬಿಡಲು ವರ್ಷಗಳೇ ಹಿಡಿದವು. ಅಷ್ಟೂ ಕಾಲ ಅವರು ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು, ಊರಿನ ಸುದ್ದಿ ಗೊತ್ತಿಲ್ಲದೆ ಹೋಗುವ ಕಾರಿನವರಿಗೆ ಮಾರಿದರು. ಹುಳ ಬಿದ್ದಿರಲಿಲ್ಲ ಎಂದು ನಮಗೆ ಗೊತ್ತಿತ್ತು. ನಾನು ಆಲೂರಿನ ಹೋಟೆಲಿಗೆ ಹೋಗಿ ನಿಜ ಹೇಳಬಹುದಿತ್ತು. ಎರಡು ಸಲ ಹೋಗಿ ಕಾಫಿ ಕುಡಿದು ಬಂದೆ. ಅಷ್ಟೊಂದು ಮಾತು ಬಲ್ಲವಳಿಗೆ ಅಲ್ಲಿ ಎರಡು ವಾಕ್ಯ ಹೊರಡಲಿಲ್ಲ.

ಸಾರ್ ವರದಿಯಲ್ಲಿ ‘ಹೋಲಿಕೆಯ ಚೀಲಗಳು ಕಲುಷಿತವಾದ ಕಾರಣ ಪ್ರಯೋಗ ಕೈಬಿಡಲಾಗಿದೆ’ ಎಂದು ಬರೆದರು. ತರಬೇತಿಗಳಲ್ಲಿ ಮಾತ್ರ, “ನಮ್ಮ ನಿರ್ಮಲಾ ತಾವೇ ತಿಂದು ಕಂಡುಹಿಡಿದರು” ಎನ್ನತೊಡಗಿದರು. ಮೊದಲ ಸಲ ತಿದ್ದಲು ಎದ್ದೆ. ಎರಡನೇ ಸಲ ಅರ್ಧ ಎದ್ದೆ. ಮೂರನೇ ಸಲ ನಗುತ್ತ ಕೂತೆ.

ಪದ್ಧತಿ ಬದಲಾಯಿತು. ಸೆಲೆನಿಯಂ ಕೆಲಸ ಮತ್ತೆ ಹೊರಗಿನ ಶೆಡ್ಡಿಗೆ ಹೋಗಲಿಲ್ಲ. ಗಾಜಿನ ಪಾತ್ರೆಗಳಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯಿತು. ರೈತರಿಗೆ ಕೊಡುವ ಪ್ರಶ್ನಾವಳಿಯಲ್ಲಿ ಮೊದಲ ಪ್ರಶ್ನೆ ನಾನು ಸೇರಿಸಿದ್ದು: ಅದ್ದಿದ ನೀರನ್ನು ಏನು ಮಾಡುತ್ತೀರಿ? ನೀವು ಅದನ್ನು ಮಾಮೂಲು ಪ್ರಶ್ನೆ ಎಂದು ಹಾರಿಸುತ್ತೀರಿ ಎಂದು ಕೇಳಿದ್ದೇನೆ. ಹಾರಿಸಬೇಡಿ. ಎರಡು ಸಾವಿರದ ಇಸವಿಯ ನಂತರ ಒಂದು ದಿನ ನಮ್ಮದೇ ಗಾಜಿನ ಪಾತ್ರೆಯಲ್ಲಿ ಆ ಕೆಂಪು ಮತ್ತೆ ಕಾಣಿಸಿತು. ತನಗೆ ಹೆಚ್ಚಾದ ಸೆಲೆನಿಯಂ ಅನ್ನು ಅಣಬೆಯ ಎಳೆ ಕೆಂಪು ಪುಡಿಯಾಗಿ ಮಾರ್ಪಡಿಸಿ ಬೇರೆ ಇಡುತ್ತದಂತೆ. ಕತ್ತಿಯ ಕೆಂಪಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಎರಡೂ ಹೇಳುವ ಮಾತು ಒಂದೇ. ಪಾಳ್ಯಕ್ಕೆ ಹೋಗಿ ದ್ಯಾವಪ್ಪಣ್ಣನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಇಷ್ಟ್ ವರ್ಸ ಬೇಕಾಯ್ತಾ?” ಎಂದರು.

ಬೀಳ್ಕೊಡುಗೆಗೆ ಲಲಿತಕ್ಕನೂ ಬಂದಿದ್ದರು. ಮೂರನೇ ಸಾಲಿನಲ್ಲಿ ಕೂತು ಮೂರೂ ಭಾಷಣ ಕೇಳಿದರು, ಮೂರಕ್ಕೂ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಕಥೆ ಹಾಗಲ್ಲ ಎಂದು ಶುರುಮಾಡಿದೆ. ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ತಟ್ಟಿದರು. ಅದಕ್ಕೇ ಇದನ್ನು ಬರೆದದ್ದು.

ಸಭೆ ಮುಗಿದ ಮೇಲೆ ಅವರನ್ನು ಬಸ್ಸಿಗೆ ಬಿಡಲು ಹೋದೆ. ಏಲಕ್ಕಿ ಹಾರವನ್ನು ಅವರ ಚೀಲಕ್ಕೆ ತುರುಕಿದೆ. ಪಾಯಸಕ್ಕಾಯ್ತು ಎಂದರು. ಪಾಳ್ಯದ ಬಸ್ಸು ಬಂತು, ಅವರು ಹತ್ತಿ ಕಿಟಕಿ ಪಕ್ಕ ಕೂತರು. ಬಸ್ಸು ಹೊರಡುವ ಮುಂಚೆ ನಾನು ಕೆಳಗಿನಿಂದ ಕೇಳಿದೆ. ಅವರು ನನ್ನನ್ನು ನೋಡಿದರು, ಆಮೇಲೆ ಟಿಕೆಟ್ಟಿಗೆ ಕಂಡಕ್ಟರ ಕಡೆ ತಿರುಗಿದರು. ನಾನು ಕೇಳಿದ್ದು ಇಷ್ಟೇ:

“ಲಲಿತಕ್ಕ, ಅವತ್ತು ನಿಮ್ಮ ಅಣಬೆಗೆ ಹುಳ ಬಿದ್ದೈತೆ ಅಂತ ನೀವೇ ಹೇಳ್ಕಳ್ಸಿದ್ರಲ್ಲ, ನನ್ನ ಹೆಸರು ಯಾಕೆ ಹೇಳಲಿಲ್ಲ?”